ರೆಕ್ಕೆಗಳನ್ನು ವಾಪಸ್ ತಂದ ಮೇಡಂ

ಮೀಟಿಂಗಿನಲ್ಲಿ ಮಾತಾಡುತ್ತಲೇ ಮೇಡಂ ಕೈ ಕೆರೆದುಕೊಳ್ಳುತ್ತಿದ್ದರು. ಮೊಣಕೈವರೆಗೂ ಕೆಂಪು ಗೀರುಗಳು. ಗಾಳಿಯಂತ್ರದ ಹಳೆಯ ರೆಕ್ಕೆ ಕೊಯ್ಯುವಾಗ ಏಳುವ ಗಾಜಿನ ನಾರಿನ ದೂಳಿನ ತುರಿಕೆ ಅದು. ಸೋಪಿಗೂ ಹೋಗದು, ಕೊಬ್ಬರಿ ಎಣ್ಣೆಗೂ ಬಗ್ಗದು. ಕೊಯ್ಯುವವರು ಕೊಯ್ಯಲಿ, ನೀವು ಒಳಗೆ ಕೂರಿ ಎಂದರೆ ಕೇಳುವ ಜೀವವಲ್ಲ.

ಯಲಹಂಕದಾಚೆ ನಮ್ಮ ಕಂಪನಿಯ ಯಾರ್ಡ್. ಅಲ್ಲಿ ನಾನು ಅವರ ಕೈಕೆಳಗಿನ ಇಂಜಿನಿಯರ್. ಚಿತ್ರದುರ್ಗದ ಗುಡ್ಡಗಳಲ್ಲಿ ವರ್ಷಗಟ್ಟಲೆ ತಿರುಗಿ ಸವೆದ ರೆಕ್ಕೆಗಳು ರಿಪೇರಿಗೆಂದು ಬರುತ್ತಿದ್ದವು. ರಿಪೇರಿಯಾಗದವು ತುಂಡು ತುಂಡಾಗಿ ಅಲ್ಲೇ ಬಿದ್ದಿರುತ್ತಿದ್ದವು. ಕರಗಿಸಲು ಬರುವುದಿಲ್ಲ, ಬಯಲಲ್ಲಿ ಸುಟ್ಟರೆ ಕೆಟ್ಟ ಹೊಗೆ, ಗುಜರಿಯವನೂ ಮುಟ್ಟುವುದಿಲ್ಲ.

"ಗುಂಡಿ ತೋಡಿ ಹೂತ್ಬಿಡೋಣ ಮೇಡಂ, ಎಲ್ರೂ ಅದನ್ನೇ ಮಾಡೋದು," ಎಂದೆ ಒಮ್ಮೆ.

"ಹೂಳು. ಮೇಲೊಂದು ಬೋರ್ಡ್ ಹಾಕ್ಸು. ಅದ್ರಲ್ಲಿ ನಿನ್ ಹೆಸ್ರು ಬರೆಸು."

ಅವರೊಡನೆ ವಾದಿಸಿ ಗೆದ್ದವರಿಲ್ಲ. ನಾನಂತೂ ದಿನಾ ಸೋತು, ದಿನಾ ಉರಿದುಕೊಳ್ಳುತ್ತಿದ್ದೆ.

ಕೊನೆಗೊಬ್ಬ ಕಂಟ್ರಾಕ್ಟರ್, ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಹಾಕಿಸುತ್ತೇನೆ, ಅಲ್ಲಿನ ಕಾವಿಗೆ ಹೊಗೆಯೂ ಉರಿದುಹೋಗಿ ಬೂದಿ ಸಿಮೆಂಟಿಗೇ ಸೇರುತ್ತದೆ ಎಂದು ತುಂಡುಗಳನ್ನೆಲ್ಲ ಲಾರಿಗೆ ತುಂಬಿಕೊಂಡು ಹೋದ. ನಾವು ಪೀಡೆ ತೊಲಗಿತೆಂದುಕೊಂಡೆವು. ಮೇಡಂ ಸುಮ್ಮನಿರಬೇಕಲ್ಲ! ಕಾರ್ಖಾನೆಗೇ ಫೋನ್ ಮಾಡಿ ಕೇಳಿದರು. ಯಾವ ಲಾರಿಯೂ ಬಂದಿಲ್ಲ ಎಂದರಂತೆ. ಭಾನುವಾರ ಬೆಳಿಗ್ಗೆ, ನಾನು ದೋಸೆ ಹುಯ್ಯುತ್ತಿದ್ದಾಗ, ನನಗೆ ಫೋನು: "ಶೂ ಹಾಕ್ಕೊಂಡ್ ಬಾ. ಲಾರಿ ಡ್ರೈವರ್ ಬಾಯ್ಬಿಟ್ಟಿದ್ದಾನೆ."

ಊರಾಚೆಯ ಪಾಳು ಕಲ್ಲುಕ್ವಾರಿಯಲ್ಲಿ ನಮ್ಮ ತುಂಡುಗಳು ರಾಶಿ ಬಿದ್ದಿದ್ದವು. ಕ್ವಾರಿ ಪಕ್ಕದ ಮನೆಯ ಅಜ್ಜಿಯೊಬ್ಬಳು ಬಾಗಿದ ತುಂಡೊಂದನ್ನು ಎಳೆದೊಯ್ದು ಹಸುವಿಗೆ ಹುಲ್ಲು ಹಾಕುವ ಗೋದಲಿ ಮಾಡಿಕೊಂಡಿದ್ದಳು. "ಕೈ ಇಂಗೆ ಉರೀತೈತೆ ಕಣವ್ವ, ಯಾಕೋ ಕಾಣೆ," ಎಂದು ಅಂಗೈ ಚಾಚಿದಳು. ಮೇಡಂ ನೆಲದ ಮೇಲೇ ಕೂತು, ಬ್ಯಾಗಿನಿಂದ ಅಂಟುಟೇಪು ತೆಗೆದು, ಅವಳ ಅಂಗೈಗೆ ಒತ್ತಿ ಒತ್ತಿ ಕಿತ್ತರು. ಟೇಪಿನ ಮೇಲೆ ಗಾಜಿನ ಎಳೆಗಳು ಬಿಸಿಲಿಗೆ ಮಿನುಗಿದವು. ಗೋದಲಿಯನ್ನೂ ಎತ್ತಿಸಿದಾಗ ಅಜ್ಜಿ ತಿರುಗಿಬಿದ್ದಳು: "ಬಿಸಾಕಿದ್ನೂ ಬಿಡಾಕಿಲ್ವಾ ನೀವು?" ಮರುದಿನ ಮೇಡಂ ಅವಳಿಗೊಂದು ಸಿಮೆಂಟ್ ತೊಟ್ಟಿ ಕಳಿಸಿದರು. ಇಳಿಸಿ ಬರುವ ಕೆಲಸ ನನ್ನದು.

ರಾಶಿಯೆಲ್ಲ ಮತ್ತೆ ಯಾರ್ಡಿಗೇ ಬಂತು. ಗಾಡಿ ನಿಲ್ಲಿಸಲು ಜಾಗ ಹೋಯಿತು, ಹಾವು ಸೇರಿಕೊಂಡಿತು, ಮೇಲಿನವರು ಕೂಗಾಡಿದರು, ಮೇಡಂಗೆ ಬರಬೇಕಿದ್ದ ಬಡ್ತಿ ಬೇರೆಯವರ ಪಾಲಾಯಿತು. ಅವರು ಮಾತ್ರ ಕಾರ್ಖಾನೆಯವರನ್ನು ತಿಂಗಳುಗಟ್ಟಲೆ ಪೀಡಿಸಿ ಒಪ್ಪಿಸಿದರು. ಲಾರಿಯ ಹಿಂದೆಯೇ ಹೋಗಿ, ಕೊನೆಯ ಚೂರು ಕುಲುಮೆಗೆ ಬೀಳುವವರೆಗೂ ನಿಂತರು. ನನ್ನನ್ನೂ ನಿಲ್ಲಿಸಿದರು.

ನಿವೃತ್ತಿಗೆ ಮೊದಲೇ, ಹೃದಯಾಘಾತವಾಗಿ ಮೇಡಂ ಹೋಗಿಬಿಟ್ಟರು. ಆರ್.ಟಿ. ನಗರದ ಮನೆಯಲ್ಲಿ ಅವರ ತಂಗಿ ನನ್ನ ಕೈ ಹಿಡಿದುಕೊಂಡರು. "ಯಾರ್ಡಿನ ಹುಡುಗಿ ನೀವೇನಾ? ಆಪಾ ದಿನಾ ಬೈತಿದ್ರು, ಎಲ್ಲದಕ್ಕೂ ಎದುರು ಮಾತಾಡ್ತಾಳೆ ಅಂತ." ಹಿಡಿದ ಕೈ ಬಿಡದೆಯೇ, "ನೀವ್ ಕೆಲ್ಸ ಬಿಟ್ ಹೋಗ್ಬಿಟ್ರೆ ಏನ್ ಮಾಡೋದು ಅಂತ ಹೆದರ್ತಿದ್ರು," ಎಂದರು.

ಅದನ್ನು ಒಂದು ಸಲ ನನಗೇ ಹೇಳಿದ್ದರೆ ಏನು ಹೋಗುತ್ತಿತ್ತು ಅವರ ಗಂಟು? ಸಾವಿನ ಮನೆಯಲ್ಲೂ ನನಗೆ ಮೇಡಂ ಮೇಲೆ ಸಿಟ್ಟೇ ಬಂತು. ಅಳು ಬಂದದ್ದು ಆಮೇಲೆ, ಬಸ್ಸಿನಲ್ಲಿ, ಹೆಬ್ಬಾಳ ದಾಟಿದ ಮೇಲೆ.