ಕಡಲಬಾತಿನ ಪ್ರಾಯ

ನನ್ನ ವಾರಗಿತ್ತಿಯ ಕುತ್ತಿಗೆಯಲ್ಲಿ ಎರಡು ಗೆರೆಗಳಿದ್ದವು. ಒಂದು ಕರಿಮಣಿಯದ್ದು, ಇನ್ನೊಂದು ಬೈನಾಕ್ಯುಲರಿನ ಪಟ್ಟಿಯದ್ದು. ಎರಡನೆಯದೇ ಹೆಚ್ಚು ಆಳ. ನನ್ನ ಕುತ್ತಿಗೆಯಲ್ಲಿ ಕರಿಮಣಿಯ ಗೆರೆ, ಬೆವರುಸಾಲೆ ಬಿಟ್ಟರೆ ಬೇರೇನೂ ಇರಲಿಲ್ಲ.

ನನ್ನ ಗಂಡನ ಅಣ್ಣನಿಗೆ ದೂರದ ಚಳಿದೇಶದ ಬಂದರಿನಲ್ಲಿ ಕೆಲಸ. ಅಲ್ಲಿ ಮನೆಯ ಕಿಟಕಿಯಿಂದಲೇ ಕಡಲಬಾತುಗಳನ್ನು ನೋಡಿ ನೋಡಿ ಅವುಗಳ ಗುರುತು ಕಲಿತವರು ಈ ವಾರಗಿತ್ತಿ, ನನ್ನ ಬಾಯಲ್ಲಿ ಅಕ್ಕ. ವರ್ಷಕ್ಕೊಮ್ಮೆ ಗುರುವಾಯನಕೆರೆಯ ನಮ್ಮ ಮನೆಗೆ ಬಂದರೆ ಮುಗಿಯಿತು, ಅತ್ತೆಗೆ ದೊಡ್ಡ ಸೊಸೆಯೇ ಲೋಕ. ದಿನಾ ಗಂಜಿ ಬಡಿಸುವವಳು ನಾನು, ಹೊಗಳಿಕೆ ಅವರಿಗೆ! ಒಂದೇ ಒಂದು ಸಲ ಅತ್ತೆಯ ಬಾಯಿಂದ ಭೇಷ್ ಅನ್ನಿಸಿಕೊಳ್ಳಬೇಕೆಂದು ನನಗೂ ಹಠ.

ಊಟವಾದ ಕೂಡಲೇ ಅಕ್ಕ ಫೋನಿನಲ್ಲಿ ಬಾತಿನ ಚಿತ್ರ ತೋರಿಸುತ್ತಿದ್ದರು. "ಗಂಡೋ ಹೆಣ್ಣೋ? ಪ್ರಾಯ ಎಷ್ಟು?"

"ಕಂದು ಉಂಟಲ್ಲ, ಹೆಣ್ಣು," ಅಂದೆ ಒಮ್ಮೆ.

"ಅಲ್ಲ ಮಾರಾಯ್ತಿ. ಗಂಡು ಮರಿಯೂ ಮೊದಲು ತಾಯಿಯ ಹಾಗೇ ಇರ್ತದೆ, ಪ್ರಾಯಕ್ಕೆ ಬಂದ ಮೇಲೆ ಬಿಳಿ ಆಗುದು. ಎದೆಯಲ್ಲಿ ಬಿಳಿ ಬರ್ತಾ ಉಂಟು, ನೋಡು. ಬಾಲದ ಗರಿಯ ತುದಿ ಇಲಿ ಕಚ್ಚಿದ ಹಾಗೆ ಉಂಟಲ್ಲ, ಅದು ಮರಿಯ ಗುರುತು. ಬಣ್ಣ ನಂಬಬೇಡ."

"ಕಣ್ಣು ಅಂದ್ರೆ ಅದು!" ಅಂದರು ಅತ್ತೆ. ನಾನು ಎಂಜಲು ಬಟ್ಟಲುಗಳನ್ನು ಸದ್ದು ಬರುವಂತೆ ಎತ್ತಿದೆ.

ಬಾತಿನ ಪ್ರಾಯವೆಲ್ಲ ಹೇಳುವ ಅಕ್ಕ ತನ್ನ ಪ್ರಾಯ ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಮೂಡುಬಿದಿರೆಯ ಒಂದು ಮದುವೆ ಊಟದಲ್ಲಿ ಎಲ್ಲರೂ ಕೇಳುವಂತೆ ಕುಟುಕಿದೆ: "ನಿಮ್ಮ ಪ್ರಾಯ ಯಾವ ಗರಿಯಲ್ಲಿ ನೋಡ್ಬೇಕು ಅಕ್ಕ?"

ಅವರು ತಲೆ ಬಗ್ಗಿಸಿ ಬೈತಲೆ ತೋರಿಸಿದರು. "ಬಣ್ಣ ನೋಡ್ಬೇಡ, ಬುಡ ನೋಡು." ಬುಡದಲ್ಲಿ ಡೈ ತಾಗದ ಬಿಳಿ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಲ್ಲೂ ಅವರೇ ಗೆದ್ದರು, ನನ್ನ ಕರ್ಮ!

ಆಮೇಲೆ ನಾನು ಗುಟ್ಟಾಗಿ ಕಲಿಯತೊಡಗಿದೆ. ಚಳಿಗಾಲದಲ್ಲಿ ಕೆರೆಗೆ ಬಾತುಗಳು ಬಂದರೆ, ಡೈರಿಗೆ ಹಾಲು ಕೊಟ್ಟು ಬರುವಾಗ ದಡದಲ್ಲಿ ನಿಲ್ಲುತ್ತಿದ್ದೆ. ಅಕ್ಕ ಕಳಿಸಿದ ಕಡಲಬಾತಿನ ಚಿತ್ರಗಳನ್ನು ಹಿಗ್ಗಿಸಿ ಹಿಗ್ಗಿಸಿ ರೆಕ್ಕೆ, ಬಾಲ ನೋಡುತ್ತಿದ್ದೆ.

ಕೊನೆಯ ಸಲ ಬಂದಾಗ ಅಕ್ಕ ತಲೆಗೆ ಬಟ್ಟೆ ಸುತ್ತಿಕೊಂಡಿದ್ದರು. ಕ್ಯಾನ್ಸರಿನ ಚಿಕಿತ್ಸೆಗೆ ಕೂದಲೆಲ್ಲ ಹೋಗಿತ್ತು. ಕೆರೆಯ ದಡದಲ್ಲಿ ಕೂತು ಹೇಳಿದರು: "ಬಾತಿಗೂ ಹೀಗೇ. ರೆಕ್ಕೆಯ ಗರಿ ಎಲ್ಲ ಒಟ್ಟಿಗೇ ಉದುರ್ತದೆ. ಆಗ ಹಾರ್ಲಿಕ್ಕೆ ಆಗುದಿಲ್ಲ, ನೀರಿನಲ್ಲಿ ಸುಮ್ಮನೆ ಇರ್ತದೆ."

"ಮತ್ತೆ ಬರ್ತದಲ್ಲ ಅಕ್ಕ?"

"ಬಾತಿಗೆ ಬರ್ತದೆ."

ಬೈನಾಕ್ಯುಲರನ್ನು ತೆಗೆದು ನನ್ನ ಕುತ್ತಿಗೆಗೆ ಹಾಕಿದರು. ಅದು ಅಷ್ಟು ಭಾರವೆಂದು ನನಗೆ ಗೊತ್ತೇ ಇರಲಿಲ್ಲ.

ಅಕ್ಕ ಆ ಬಂದರಿನ ಊರಿನಲ್ಲೇ ತೀರಿಕೊಂಡರು. ಉತ್ತರಕ್ರಿಯೆ ನಮ್ಮ ಮನೆಯಲ್ಲಾಯಿತು. ಊಟ ಮುಗಿದ ಮೇಲೆ ಭಾವ ಫೋನು ತೆಗೆದು, ಅಕ್ಕ ಕೊನೆಗೆ ತೆಗೆದ ಕಡಲಬಾತಿನ ಚಿತ್ರ ತೋರಿಸಿ, ಅಕ್ಕನದೇ ಪ್ರಶ್ನೆ ಕೇಳಿದರು. ಮೈಯೆಲ್ಲ ಕಪ್ಪು ಕಪ್ಪು. ಒಬ್ಬರು ಹೆಣ್ಣು ಅಂದರು, ಇನ್ನೊಬ್ಬರು ಮರಿ ಅಂದರು.

"ಗಂಡು," ಅಂದೆ ನಾನು. "ಮರಿ ಅಲ್ಲ, ಪ್ರಾಯಕ್ಕೆ ಬಂದದ್ದು. ಬಾಲದ ತುದಿ ಗುಂಡಗೆ ಉಂಟು, ರೆಕ್ಕೆಯಲ್ಲಿ ಬಿಳಿ ಉಂಟು. ಗರಿ ಬದಲಿಸುವ ಕಾಲ, ಅದಕ್ಕೇ ಮೈ ಕಪ್ಪಾಗಿದೆ."

ಭಾವ ನನ್ನನ್ನೇ ನೋಡಿದರು. "ಅವಳೂ ಇದನ್ನೇ ಹೇಳಿದ್ದು."

ನಾನು ಅತ್ತೆಯ ಮುಖ ನೋಡಿದೆ. ಈಗಲಾದರೂ!

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಎಲ್ಲರಿಗೂ ಹೇಳಿದರು: "ನೋಡಿ, ನನ್ನ ದೊಡ್ಡ ಸೊಸೆ ಎಷ್ಟು ಚಂದ ಕಲಿಸಿದ್ದಾಳೆ!"

ಪಾಯಸದ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ. ಹೊಟ್ಟೆ ಉರಿಯಿತು. ಅತ್ತೆ ಹೇಳಿದ್ದು ನಿಜವಾಗಿತ್ತಲ್ಲ, ಕಣ್ಣೂ ಉರಿಯಿತು.