ಒರಳು ತೊಳೆದವಳು

ಸುಧಾ, ರಘು — ನಿಮ್ಮ ತಾತ ಕೊನೆಯ ದಿನ ಉಂಡ ಖಾರದ ಗೊಜ್ಜನ್ನು ಮಾಡಿದವಳು ನಿಮ್ಮ ಅಮ್ಮ ಅಲ್ಲ. ನಾನು.

ಆಗ ನೀವಿಬ್ಬರೂ ಹುಟ್ಟಿರಲಿಲ್ಲ. ನಿಮ್ಮ ಅಮ್ಮ ಲಲಿತ ಈ ಬೇಲೂರಿನ ಮನೆಗೆ ನನ್ನ ಸೊಸೆಯಾಗಿ ಬಂದು ವರ್ಷವೂ ತುಂಬಿರಲಿಲ್ಲ. ತಾತನಿಗೆ ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಖಾರ ಮುಟ್ಟಲೇಬಾರದೆಂದು ಡಾಕ್ಟರು ಹೇಳಿದ್ದರು. ಲಲಿತ ದಿನವೂ ಜೀರಿಗೆ, ಕೊತ್ತಂಬರಿ ಬೀಜವಷ್ಟೇ ಹಾಕಿ ಸಪ್ಪೆ ಸಾರು ಮಾಡುತ್ತಿದ್ದಳು. "ಇದೇನಮ್ಮ, ಸಾರೋ ಯಗಚಿ ಹೊಳೆ ನೀರೋ?" ಎಂದು ಅವರು ಅವಳನ್ನು ನಗಿಸುತ್ತಿದ್ದರು. ನನ್ನೊಬ್ಬಳೆದುರು ನಗುತ್ತಿರಲಿಲ್ಲ. "ಒಂದೇ ಒಂದ್ಸಲ ಕಣೇ. ನಾಲಗೆ ಸತ್ತುಹೋಗಿದೆ" ಎಂದು ಖಾರಕ್ಕೆ ಅಂಗಲಾಚುತ್ತಿದ್ದರು.

ಅವಳು ಬಟ್ಟೆ ಒಗೆಯಲು ಹೊಳೆಗೆ ಹೋದ ಒಂದು ಬೆಳಿಗ್ಗೆ ನಾನು ಒಣಮೆಣಸಿನಕಾಯಿ ಹುರಿದೆ. ಮೆಂತ್ಯ, ಇಂಗು, ಹುಣಸೆಹಣ್ಣು — ಒರಳಲ್ಲಿ ನುಣ್ಣಗೆ ರುಬ್ಬಿ ಗೊಜ್ಜು ಕುದಿಸಿದೆ. ಅವರು ಕಣ್ಣಲ್ಲಿ ನೀರು ಸುರಿಸಿಕೊಂಡು ಉಂಡರು, ಬೆರಳು ನೆಕ್ಕಿದರು. ನನಗೆ — ಸುಳ್ಳು ಹೇಳಲಾರೆ — ಸಂತೋಷವಾಯಿತು.

ಲಲಿತ ಬಾಗಿಲಲ್ಲೇ ಘಾಟಿಗೆ ಕೆಮ್ಮಿದಳು. ನನ್ನ ಮುಖ ನೋಡಿದಳು, ಕೆಂಪಗಿದ್ದ ಒರಳು ನೋಡಿದಳು. ಏನೂ ಕೇಳದೆ ಅದನ್ನು ತೊಳೆದಳು.

ಸಂಜೆ ಅವರು ರಕ್ತ ಕಾರಿದರು. ಆಸ್ಪತ್ರೆಯಿಂದ ಜೀವಂತ ವಾಪಸು ಬರಲಿಲ್ಲ. ಹುಣ್ಣು ಮೊದಲೇ ಒಡೆಯುವ ಹಾಗಿತ್ತು ಎಂದರಂತೆ ಡಾಕ್ಟರು. ಇರಬಹುದು. ನಾನು ಹೇಳಬೇಕಾದದ್ದು ಅದಲ್ಲ.

ತಾತನ ಅಕ್ಕ ಅರಸೀಕೆರೆಯಿಂದ ಬಂದರು. ಮನೆ ತುಂಬ ಜನ. "ಪಕ್ಕದ್ಮನೆಗೂ ಘಾಟು ಬಡಿದಿತ್ತಂತೆ. ಒಲೆ ಮುಂದೆ ಇರೋಳು ಈ ಹುಡುಗಿ ತಾನೆ?" ಎಂದು ನನ್ನನ್ನೇ ಕೇಳಿದರು. ನಾನು — ಹೌದೆಂದು ತಲೆಯಾಡಿಸಿದೆ. ಲಲಿತ ಒಂದು ಗಳಿಗೆ ನನ್ನ ಕಡೆ ನೋಡಿದಳು. ಆಮೇಲೆ ನೆಲ ನೋಡಿದಳು.

ಅಂದಿನಿಂದ ಪ್ರತಿ ವರ್ಷ ತಾತನ ತಿಥಿಗೆ ಆ ಅಕ್ಕ ಬಂದು ತಾವೇ ಒಲೆ ಹೊತ್ತಿಸುತ್ತಾರೆ. ತಿಥಿಯ ಅಡುಗೆಗೆ ಮೆಣಸಿನಕಾಯಿ ಹಾಕುವುದೇ ಇಲ್ಲ, ಕಾಳುಮೆಣಸು ಅಷ್ಟೆ. ಆದರೂ "ಅವಳ ಕೈ ಸೋಕೋದು ಬೇಡಮ್ಮ" ಎನ್ನುತ್ತಾರೆ. ನಿಮ್ಮ ಅಮ್ಮ ಹಿತ್ತಿಲಲ್ಲಿ ಕೂತು ಬಾಳೆಲೆ ಒರೆಸುತ್ತಾಳೆ. ಅಮ್ಮ ಯಾಕೆ ಒಳಗೆ ಬರೋದಿಲ್ಲ ಅಜ್ಜಿ ಎಂದು ರಘು ಹೋದ ವರ್ಷ ಕೇಳಿದ. ಆಗಲೂ ನಾನು —

ನನ್ನ ಮಗನಿಗೂ ಹೇಳಲಿಲ್ಲ. ಅವಳೂ ಹೇಳಿಲ್ಲ. ಇವತ್ತೂ ನನಗೆ ಮೊದಲು ಬಡಿಸಿಯೇ ಅವಳು ಊಟಕ್ಕೆ ಕೂರುವುದು.

ಈ ಸಲ ತಿಥಿಗೆ ಒಲೆ ಹೊತ್ತಿಸುವವಳು ಲಲಿತ. ಅಕ್ಕನ ಎದುರು ನಾನೇ ಹೇಳುತ್ತೇನೆ. ನಾಲ್ಕು ಜನರ ಮುಂದೆ ನನಗೆ ಸ್ವರ ಏಳುವುದಿಲ್ಲ, ನಿಮಗೆ ಗೊತ್ತು. ಏಳದಿದ್ದರೆ, ಸುಧಾ, ನೀನು ಇದನ್ನು ಗಟ್ಟಿಯಾಗಿ ಓದು. ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ — ನಾನೇ ಬಂದು ಕೇಳಿದರೂ ಕೊಡಬೇಡಿ.