ಬಿಸ್ಕತ್ತಿನ ಡಬ್ಬಿಯ ಟಿಕೆಟ್ಟುಗಳು

ಆ ಊರಿಗೆ ಸೌಟಣ್ಣ ಮೂವತ್ತೊಂದು ಸಲ ಹೋಗಿದ್ದ. ಊರನ್ನು ಒಂದು ಸಲವೂ ನೋಡಿರಲಿಲ್ಲ.

ನಗಬೇಡಿ, ಇದು ನಿಜ. ಬಿಳಿ ಕಲ್ಲಿನ ಗೋರಿ ಇರುವ ಊರು ಅದು. ಬಾದಶಹನೊಬ್ಬ ತೀರಿಹೋದ ಹೆಂಡತಿಗಾಗಿ ಕಟ್ಟಿಸಿದ್ದು. ಜಗತ್ತೆಲ್ಲ ಬಂದು ಸಾಲು ನಿಂತು ನೋಡಿ ಹೋಗುತ್ತದೆ. ಸೌಟಣ್ಣನೂ ಬರುತ್ತಿದ್ದ, ಪ್ರವಾಸದ ಬಸ್ಸಿನ ಅಡುಗೆಯವನಾಗಿ. ಅವನ ನಿಜವಾದ ಹೆಸರು ಮ್ಯಾನೇಜರಿಗೂ ನೆನಪಿರಲಿಲ್ಲ. ಕೈಯಲ್ಲಿ ಯಾವಾಗಲೂ ಸೌಟು, ಹಾಗಾಗಿ ಸೌಟಣ್ಣ.

ಬಸ್ಸು ಬೆಳಿಗ್ಗೆ ಎಂಟಕ್ಕೆ ಪಾರ್ಕಿಂಗ್ ಜಾಗಕ್ಕೆ ಬಂದು ನಿಲ್ಲುತ್ತದೆ. ನಲವತ್ತು ಜನ ಟೋಪಿ, ನೀರಿನ ಬಾಟಲಿ ಹಿಡಿದು ಇಳಿದು ಹೋಗುತ್ತಾರೆ. ಸೌಟಣ್ಣ ಬಸ್ಸಿನ ಹೊಟ್ಟೆಯೊಳಗಿಂದ ಸಿಲಿಂಡರು, ಒಲೆ, ಪಾತ್ರೆ, ಆಲೂಗಡ್ಡೆ ಮೂಟೆ ಇಳಿಸುತ್ತಾನೆ. ಒಂದು ಗಂಟೆಗೆ ಅವರು ವಾಪಸು ಬರುವಷ್ಟರಲ್ಲಿ ಊಟ ತಯಾರಿರಬೇಕು. ಸಹಾಯಕ್ಕೆ ಒಬ್ಬನಿದ್ದ. ಇವನಿಗಿಂತ ಹನ್ನೆರಡು ವರ್ಷ ದೊಡ್ಡವನು, ಎಲ್ಲರ ಬಾಯಲ್ಲೂ ‘ತಾತ’. ತಾತನ ಕೈ ನಡುಗುತ್ತಿತ್ತು. ಈರುಳ್ಳಿ ಬಿಡಿಸಲು ಅಡ್ಡಿಯಿಲ್ಲ, ಆದರೆ ಉರಿಯುವ ಒಲೆಯ ಮುಂದೆ ಅವನೊಬ್ಬನನ್ನೇ ಬಿಟ್ಟು ಹೋಗುವಂತಿರಲಿಲ್ಲ. ಹೀಗಾಗಿ ಸೌಟಣ್ಣನಿಗೆ ಕಂಡಿದ್ದು ಇಷ್ಟೇ: ಒಂದು ಉದ್ದ ಗೋಡೆ, ಒಂದು ನೀರಿನ ತೊಟ್ಟಿ, ಬೇರೆ ಬಸ್ಸುಗಳ ಬೆನ್ನು. ಗೋಡೆಯ ಮೇಲ್ಗಡೆ ಗುಮ್ಮಟದ ತುದಿ ಮಾತ್ರ ಕಾಣುತ್ತಿತ್ತು, ಪಾತ್ರೆಯ ಮುಚ್ಚಳಕ್ಕಿರುವ ಹಿಡಿಯಷ್ಟು.

ಮೊದಲ ಸಲ ಮನೆಗೆ ಮರಳಿದಾಗ ಹೆಂಡತಿ ಕೇಳಿದ್ದಳು. “ಹೇಗಿತ್ತು ರೀ?”

ಆಗವಳು ಅವನ ತಾಯಿಯ ಹಾಸಿಗೆ ಬಟ್ಟೆ ಹಿಂಡುತ್ತಿದ್ದಳು. ತಾಯಿಗೆ ಲಕ್ವ ಹೊಡೆದು ಮಲಗಿದಲ್ಲೇ ಎಲ್ಲ. ಹದಿನೆಂಟು ದಿನ ಇವಳು ಆ ಕೋಣೆ ಬಿಟ್ಟು ಕದಲಿರಲಿಲ್ಲ. ಮುದುಕಿಗೆ ನಿದ್ದೆ ಹತ್ತಿದಾಗ ಕಿಟಕಿಯ ಪಕ್ಕ ಕೂತು, ಟೈಲರ್ ಅಂಗಡಿಯವರು ಕಳಿಸಿದ ಅಂಗಿಗಳಿಗೆ ಕಾಜಾ ಮಾಡಿ ಗುಂಡಿ ಹಚ್ಚುವುದು. ಆ ಕಿಟಕಿಯಿಂದ ಪಕ್ಕದ ಮನೆಯ ಗೋಡೆ ಮತ್ತು ಒಂದು ಕೊಳವೆ ಬಿಟ್ಟರೆ ಮತ್ತೇನೂ ಕಾಣದು. ಅಂಥವಳ ಮುಖ ನೋಡಿ ‘ನಾನು ನೋಡಲಿಲ್ಲ ಕಣೇ, ಆಲೂಗಡ್ಡೆ ಸುಲೀತಿದ್ದೆ’ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ಸ್ವಲ್ಪ ನಾಚಿಕೆಯೂ ಆಯಿತು ಅನ್ನಿ.

“ಅಬ್ಬಾ, ಏನು ಕೇಳ್ತೀಯ,” ಎಂದ.

ಅಲ್ಲಿಂದ ಶುರು. ಬಡಿಸುವಾಗ ಪ್ರವಾಸಿಗಳು ಆಡಿದ ಮಾತೆಲ್ಲ ಅವನ ಕಿವಿಯಲ್ಲಿತ್ತು. ಕಾದ ಕಲ್ಲಿಗೆ ಕಾಲು ಸುಟ್ಟಿತಂತೆ, ಒಳಗೆ ಕೂಗಿದರೆ ದನಿ ಸುತ್ತು ಹಾಕಿ ಬರುತ್ತದಂತೆ, ಹಿಂದೆ ನದಿ ಹರಿಯುತ್ತದಂತೆ. ಅದಕ್ಕೇ ಉಪ್ಪು ಖಾರ ಹಚ್ಚಿದ. ತನ್ನ ಕಾಲೂ ಸುಟ್ಟಿತು, ತಾನೂ ಕೂಗಿ ನೋಡಿದೆ ಎಂದ. ಯಾರೋ ಎಂಜಲು ತಟ್ಟೆಯ ಬಕೆಟ್ಟಿಗೆ ಎಸೆದಿದ್ದ ಟಿಕೆಟ್ಟನ್ನು ಒರೆಸಿ ತಂದಿದ್ದ. ಅದನ್ನೇ ಸಾಕ್ಷಿಗೆ ಕೊಟ್ಟ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಎರಡು ಬೆರಳಲ್ಲಿ ತೆಗೆದುಕೊಂಡು, ಖಾಲಿ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟಳು.

ಆಮೇಲೆ ವರ್ಷಕ್ಕೆ ಎರಡು ಪ್ರವಾಸ, ಎರಡು ಕಥೆ, ಎರಡು ಟಿಕೆಟ್ಟು. ಪ್ರವಾಸಿಗಳು ಒಂದೇ ಊಟಕ್ಕೆ ಗೋರಿಯ ಮಾತನ್ನೂ ಅದೇ ಊರಿನ ಕೋಟೆಯ ಮಾತನ್ನೂ ಬೆರೆಸಿ ಆಡುತ್ತಿದ್ದರು. ಎರಡೂ ಬೇರೆ ಬೇರೆ ಎಂದು ಸೌಟಣ್ಣನಿಗೆ ಯಾರು ಹೇಳಬೇಕು? ಅವನ ತಲೆಯಲ್ಲಿ ಎಲ್ಲವೂ ಒಂದೇ ಕಟ್ಟಡವಾಯಿತು. ಅದರ ಮೇಲಂತಸ್ತಿನಲ್ಲಿ ಒಂದು ಕಿಟಕಿ. ಮಗನೇ ಅಪ್ಪನನ್ನು ಕೂಡಿಹಾಕಿದ ಮೇಲೆ ಮುದಿ ಬಾದಶಹ ಸಾಯುವ ತನಕ ಆ ಕಿಟಕಿಯಲ್ಲಿ ಕೂತು ಹೆಂಡತಿಯ ಗೋರಿಯನ್ನೇ ನೋಡುತ್ತಿದ್ದನಂತೆ.

“ನಾನೂ ಅಲ್ಲೇ ಒಂದು ಗಳಿಗೆ ಕೂತಿದ್ದೆ,” ಎಂದಿದ್ದ ಸೌಟಣ್ಣ. “ಕಲ್ಲು ತಣ್ಣಗೆ. ನದಿ ಕಡೆಯಿಂದ ಗಾಳಿ. ಎದ್ದು ಬರೋಕೇ ಮನಸ್ಸಾಗಲಿಲ್ಲ.”

ಹೆಂಡತಿ ಆ ಕಿಟಕಿಯನ್ನು ಹಿಡಿದುಬಿಟ್ಟಳು. ಪ್ರತಿ ಸಲವೂ ಅದನ್ನೇ ಕೇಳುವಳು. “ಕಿಟಕೀಲಿ ಕೂತಿದ್ರಾ?” ಅವನು ಹೂಂ ಎನ್ನುವನು.

ಹದಿನಾರನೆಯ ವರ್ಷ ತಾಯಿ ತೀರಿಕೊಂಡಳು. ಮುಂದಿನ ಪ್ರವಾಸಕ್ಕೆ ಯಾರೋ ಬರುವುದಿಲ್ಲವೆಂದು ಬಸ್ಸಿನ ಹಿಂದಿನ ಸೀಟೊಂದು ಖಾಲಿ ಬಿತ್ತು. ಮ್ಯಾನೇಜರ್ ತಾನಾಗಿಯೇ ಹೇಳಿದ. “ಸೌಟಣ್ಣ, ಅತ್ತಿಗೇನ ಕರ್ಕೊಂಡ್ ಬಾ. ಎಷ್ಟು ವರ್ಷ ಒಬ್ಬನೇ ಮಜಾ ಮಾಡ್ತೀಯ?”

ಸೌಟಣ್ಣ ಕೇಳಿಸದವನಂತೆ ಪಾತ್ರೆ ಜೋಡಿಸತೊಡಗಿದ. ಮನೆಗೆ ಹೋಗಿ ಹೇಳದೇ ಇರಬಹುದಿತ್ತು. ಆದರೆ ಮ್ಯಾನೇಜರ್ ಅಷ್ಟರಲ್ಲೇ ಫೋನು ಮಾಡಿ ಹೇಳಿಯಾಗಿತ್ತು.

ಬಸ್ಸಿನಲ್ಲಿ ಅವಳ ಪಕ್ಕ ನಿವೃತ್ತ ಟೀಚರಮ್ಮನೊಬ್ಬರು ಕೂತರು. ಎರಡನೇ ದಿನಕ್ಕೇ ಇಬ್ಬರೂ ಗೆಳತಿಯರು. ಸೌಟಣ್ಣ ತಿಂಡಿ ಹಂಚುತ್ತ ಹಿಂದೆ ಬಂದರೆ ಹೆಂಡತಿಯ ಮಾತು ಕೇಳುತ್ತಿತ್ತು. “ನಮ್ಮವರಿಗೆ ಅಲ್ಲಿ ಇಂಚಿಂಚೂ ಗೊತ್ತು. ಗೈಡಿಗೇ ಪಾಠ ಹೇಳ್ತಾರೆ.” ಟೀಚರಮ್ಮ ಅವನನ್ನು ಅಡಿಯಿಂದ ಮುಡಿವರೆಗೆ ನೋಡುವರು. ಅವನು ತಟ್ಟೆ ಎಣಿಸುವವನಂತೆ ತಲೆ ತಗ್ಗಿಸುವನು. ದಾರಿಯಲ್ಲಿ ನಾಲ್ಕು ರಾತ್ರಿ ಕಳೆದವು. ಹೇಳಿಬಿಡಬೇಕು ಎಂದುಕೊಂಡಿದ್ದು ಎಷ್ಟು ಸಲವೋ. ಅವಳು ಹೊಸ ಚಪ್ಪಲಿ ಕೊಂಡಿದ್ದಳು. ಅಲ್ಲಿ ಹಾಕಿಕೊಳ್ಳಬೇಕೆಂದು ಮಡಿಲಲ್ಲೇ ಇಟ್ಟುಕೊಂಡು ಕೂತಿದ್ದಳು. ಅದನ್ನು ನೋಡಿ ತಿಂಡಿ ತಟ್ಟೆ ಕೊಟ್ಟು ಮುಂದೆ ಹೋಗುವನು.

ಆ ಬೆಳಿಗ್ಗೆ ತಾತನಿಗೆ ಒಲೆ ಒಪ್ಪಿಸಿದ. ಮ್ಯಾನೇಜರನ್ನೂ ತಾತನ ಪಕ್ಕ ಕಾವಲು ಕೂರಿಸಿದ. “ಉರಿ ಮಾತ್ರ ದೊಡ್ಡದು ಮಾಡಬೇಡ ತಾತ.”

“ಹೋಗಪ್ಪಾ,” ಎಂದ ತಾತ. “ನೀನೂ ಒಂದ್ಸಲ ನೋಡ್ಕೊಂಡ್ ಬಾ.”

ಹೆಂಡತಿ ತಿರುಗಿ ನೋಡಿದಳು. ಸೌಟಣ್ಣ ದಾಪುಗಾಲು ಹಾಕಿ ಮುಂದೆ ನಡೆದ.

ಹೋಗಿ ನಿಂತಿದ್ದು ಹೊರಗೆ ಬರುವ ಗೇಟಿನ ಮುಂದೆ. ಕಾವಲಿನವನು ಕೈಬೀಸಿ ಅಟ್ಟಿದ. “ಗೇಟು ಬದಲಾಯಿಸಿದ್ದಾರೆ ಕಣೇ,” ಎಂದ ಸೌಟಣ್ಣ. ಸರಿಯಾದ ಗೇಟಿನಲ್ಲಿ ಅವನ ಜೇಬು ತಡಕಿದರು. ಆಲೂಗಡ್ಡೆ ಸಿಪ್ಪೆ ತೆಗೆಯುವ ಚಾಕು ಸಿಕ್ಕಿತು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಕಾವಲಿನವನು ಅದನ್ನು ಒಂದು ಡಬ್ಬಕ್ಕೆ ಎಸೆದು, “ಇದೇ ಮೊದಲಾ?” ಎಂದು ಕೇಳಿದ. ಸೌಟಣ್ಣ ಆಚೆ ಈಚೆ ನೋಡಿ ಹೌದೆಂದು ತಲೆಯಾಡಿಸಿದ. ಹೆಂಡತಿ ನಿಂತಿದ್ದ ಹೆಂಗಸರ ಸಾಲು ಪಕ್ಕದಲ್ಲೇ ಇತ್ತು.

ಇಬ್ಬರೂ ಒಳಗೆ ಕಾಲಿಟ್ಟರು. ಇಷ್ಟು ವರ್ಷ ಅವನು ಕಟ್ಟಿ ಹೇಳಿದ್ದಕ್ಕೂ ಎದುರಿಗಿರುವುದಕ್ಕೂ ತಾಳಮೇಳವಿರಲಿಲ್ಲ. ಅದು ದೊಡ್ಡದಾಗಿ, ಸುಮ್ಮನೆ, ಯಾರ ಗೊಡವೆಯೂ ಇಲ್ಲದೆ ನಿಂತಿತ್ತು. ಹೆಂಡತಿ ಒಂದು ಸುತ್ತು ಬಂದಳು. ಎರಡನೇ ಸುತ್ತೂ ಬಂದಳು.

“ಕಿಟಕಿ ಎಲ್ಲಿ ರೀ?”

“ಮೇಲಿದೆ. ಈಗ ಬಿಡಲ್ವೇನೋ.”

“ಮೇಲಕ್ಕೆ ಮೆಟ್ಟಿಲು?”

ಅವನು ಎತ್ತಲೋ ಕೈ ತೋರಿಸಿದ. ಅಷ್ಟರಲ್ಲಿ ಟೀಚರಮ್ಮ ಬೆವರು ಒರೆಸುತ್ತ ಬಂದರು. ಇವಳು ಅವರನ್ನೇ ಕೇಳಿದಳು.

“ಅಯ್ಯೋ, ಆ ಕಿಟಕಿ ಇಲ್ಲೆಲ್ಲಮ್ಮಾ? ಅದು ಕೋಟೇಲಿ. ಅಗೋ ಅಲ್ಲಿ, ನದಿ ತಿರುಗೋ ಹತ್ರ. ಬಸ್ಸು ತಡವಾಯ್ತು ಅಂತ ಈ ಸಲ ಕೋಟೆ ಬಿಟ್ಬಿಟ್ಟಿದ್ದಾರೆ ನಿಮ್ಮ ಮ್ಯಾನೇಜರು.” ಆಮೇಲೆ ಮಕ್ಕಳ ತಪ್ಪು ತಿದ್ದುವವರಂತೆ ನಕ್ಕರು. “ಗೋರಿ ಒಳಗೇ ಕೂತ್ಕೊಂಡು ಗೋರಿ ನೋಡೋಕಾಗುತ್ತಾ?”

ಹದಿನಾರು ವರ್ಷದಲ್ಲಿ ಗಂಡನಿಗೂ ಹೆಂಡತಿಗೂ ಇಷ್ಟು ಸಣ್ಣ ಮಾತು ಹೊಳೆದಿರಲಿಲ್ಲ.

ಟೀಚರಮ್ಮ ಫೋಟೋ ತೆಗೆಯಲು ಹೋದರು. ಹೆಂಡತಿ ನದಿಯ ಕಡೆಯ ಕಟ್ಟೆಯ ನೆರಳಿನಲ್ಲಿ ಕೂತಳು. ಸೌಟಣ್ಣ ಒಂದು ಮೊಳ ದೂರ ಬಿಟ್ಟು ಕೂತ. ಕೆಳಗೆ ನದಿಯಲ್ಲಿ ಮೊಣಕಾಲುದ್ದದ ನೀರು. ಅತ್ತ ಕೋಟೆ ಇರಬೇಕಾದ ಕಡೆ ಬರೀ ಮಬ್ಬು.

“ಎಷ್ಟು ಸಲ ಒಳಗೆ ಬಂದಿದ್ದೀರಿ?”

ಅವನು ನದಿಯ ಕಡೆ ತಿರುಗಿದ.

“ಕೇಳಿದ್ದು ನಿಮ್ಮನ್ನೇ.”

“ಇದೇ ಮೊದಲು.”

“ಮತ್ತೆ ಟಿಕೆಟ್ಟು?”

“ಎಂಜಲು ಬಕೆಟ್ಟಲ್ಲಿ ಸಿಗ್ತಿತ್ತು. ಒರೆಸಿ ತರ್ತಿದ್ದೆ.”

ಅವಳು ಅಳುತ್ತಾಳೆ ಎಂದುಕೊಂಡ. ಅಳಲಿಲ್ಲ. ಬಯ್ಯಲಿಲ್ಲ.

“ನಿಮ್ಮ ಮೇಲೆ ನಾನೆಷ್ಟು ಹೊಟ್ಟೆ ಉರ್ಕೊಂಡಿದ್ದೀನಿ ಗೊತ್ತಾ? ನಿಮ್ಮಮ್ಮನ ಮೈ ಒರೆಸುವಾಗೆಲ್ಲ ಅಂದ್ಕೊಳ್ತಿದ್ದೆ, ಇವ್ರು ಈಗ ಕಿಟಕೀಲಿ ಗಾಳಿ ತಗೊಳ್ತಾ ಕೂತಿರ್ತಾರೆ ಅಂತ. ಅವ್ರ ಮೇಲೂ ರೇಗ್ತಿದ್ದೆ, ಪಾಪ. ಒಂದ್ಸಲ ನೀವು ಬಂದ ದಿನ ಬೇಕೂಂತಲೇ ಬೇಳೆಗೆ ಉಪ್ಪು ಹಾಕಿರ್ಲಿಲ್ಲ.”

“ನೆನಪಿದೆ. ಮರೆತಿದ್ದೀಯ ಅಂದ್ಕೊಂಡೆ.”

“ಅಡುಗೆಯವ್ರಾಗಿ ತುಟಿ ಪಿಟಕ್ಕನ್ನದೆ ತಿಂದ್ರಿ.” ಅವಳು ಚಪ್ಪಲಿಯ ಧೂಳನ್ನು ಬೆರಳಿನಿಂದ ತೆಗೆದಳು. “ಆಗೆಲ್ಲ ನೀವು ಆಲೂಗಡ್ಡೆ ಸುಲೀತಿದ್ರಿ.”

“ಹೂಂ.”

“ಅದನ್ನೇ ಹೇಳಿದ್ದಿದ್ರೆ ನಾವಿಬ್ರೂ ಒಂದೇ ಕಡೆ ಇರ್ತಿದ್ವಲ್ರೀ.”

ಗಂಟೆ ಹನ್ನೊಂದಾಗಿತ್ತು. ಇನ್ನೂ ಎರಡು ಗಂಟೆ ಸಮಯವಿತ್ತು. ಆದರೂ ಇಬ್ಬರೂ ಎದ್ದು ಪಾರ್ಕಿಂಗಿಗೆ ನಡೆದರು. ಅವಳು ಹೊಸ ಚಪ್ಪಲಿ ಕಳಚಿ ಬಸ್ಸಿನ ಗಾಲಿಯ ಪಕ್ಕ ಇಟ್ಟು, ತಾತನ ಎದುರು ಕೂತು ಈರುಳ್ಳಿ ಬಿಡಿಸತೊಡಗಿದಳು. ತಾತ ಅವಳ ಮುಖ ನೋಡಿ ಈರುಳ್ಳಿ ಬುಟ್ಟಿಯನ್ನು ಅವಳ ಹತ್ತಿರ ಸರಿಸಿದ.

ಮನೆಗೆ ಬಂದ ಮೇಲೆ ಜಗಳ ಗಿಗಳ ಏನೂ ಇಲ್ಲ. ಹೊತ್ತು ಹೊತ್ತಿಗೆ ಊಟ, ನೀರು, ಬಟ್ಟೆ. ಆದರೆ ಅವಳು ಏನನ್ನೂ ಕೇಳುವುದನ್ನು ಬಿಟ್ಟಳು. ಪೇಟೆಯಿಂದ ಬಂದರೂ ‘ಏನು ವಿಶೇಷ’ ಎನ್ನಳು. ಅವನಾಗಿಯೇ ಹೇಳಿದರೆ ತಲೆಯಾಡಿಸುವಳು. ಬಿಸಿಲು ಜೋರು ಎಂದರೂ ಅವಳು ಒಮ್ಮೆ ಬಾಗಿಲಾಚೆ ನೋಡಿ ಬರುವುದು ಅವನ ಕಣ್ಣಿಗೆ ಬಿತ್ತು. ಅವನಿಗೆ ಊಟ ಸೇರದಾಯಿತು. ತಾತನ ಹತ್ತಿರ ಹೇಳಿಕೊಂಡ. ತಾತನೆಂದ, “ಆ ಕಿಟಕೀನ ಒಂದ್ಸಲ ನಿಜವಾಗಲೂ ಹೋಗಿ ನೋಡ್ಕೊಂಡ್ ಬಂದು ಹೇಳಿಬಿಡು ಮಾರಾಯ. ಒಲೆ ನಾನು ನೋಡ್ಕೋತೀನಿ.”

ಆರು ತಿಂಗಳ ಮೇಲೆ ಬಸ್ಸು ಮತ್ತೆ ಆ ಊರಿಗೆ ಹೋಯಿತು. ಪ್ರವಾಸಿಗಳು ಗೋರಿಯ ಕಡೆ ಹೊರಟರೆ ಸೌಟಣ್ಣ ಆಟೋ ಹತ್ತಿ ಕೋಟೆಗೆ ಹೋದ. ಸಾಲು ನಿಂತು ತಾನೇ ಟಿಕೆಟ್ಟು ತೆಗೆಸಿದ. ದಾರಿ ಕೇಳಿ ಕೇಳಿ ಕಿಟಕಿಯ ತನಕ ಹತ್ತಿದ.

ಕೋಣೆಗೆ ಕಬ್ಬಿಣದ ಬಾಗಿಲು, ಬೀಗ. ಯಾರೂ ಕೂರುವಂತಿಲ್ಲ. ಸರಳು ಹಿಡಿದು ಇಣುಕಬೇಕು. ಹನ್ನೊಂದು ಸರಳು ಎಣಿಸಿದ. ನಾಲ್ಕನೆಯದು ಸ್ವಲ್ಪ ಬಾಗಿತ್ತು. ನೆಲದಲ್ಲಿ ಪಾರಿವಾಳದ ಹಿಕ್ಕೆ. ಗಾಳಿ ಇರಲಿಲ್ಲ. ದೂರದಲ್ಲಿ ಗೋರಿ ಮಬ್ಬಿನಲ್ಲಿ ಬೋರಲು ಹಾಕಿದ ಬಟ್ಟಲಿನಷ್ಟು ಕಂಡಿತು. ಅದರ ಬುಡದಲ್ಲಿ ಸಾಸಿವೆ ಕಾಳಿನಂತೆ ಜನ. ಅವರಲ್ಲಿ ಒಬ್ಬರ ಗುರುತೂ ಹತ್ತುತ್ತಿರಲಿಲ್ಲ. ಇದನ್ನೇ ದಿನಾ ನೋಡಿದನಲ್ಲ ಆ ಮುದುಕ ಎಂದುಕೊಂಡ. ಹಿಂದಿನಿಂದ ಯಾರೋ ಫೋಟೋಗೆ ಅಡ್ಡ ನಿಂತಿದ್ದೀಯ ಎಂದು ತಳ್ಳುವವರೆಗೂ ಅಲ್ಲೇ ಇದ್ದ. ಒಂದನ್ನೂ ಮರೆಯಬಾರದೆಂದು ದಾರಿಯುದ್ದಕ್ಕೂ ಮತ್ತೆ ಮತ್ತೆ ಹೇಳಿಕೊಂಡ.

ಪಾರ್ಕಿಂಗಿಗೆ ಬರುವಷ್ಟರಲ್ಲಿ ಎರಡು ಗಂಟೆ ದಾಟಿತ್ತು. ಅನ್ನ ತಳ ಹಿಡಿದು ವಾಸನೆ ಬಸ್ಸೆಲ್ಲ ತುಂಬಿತ್ತು. ತಾತ ಮೊಣಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿದ್ದ. ಸುಟ್ಟುಕೊಂಡಿದ್ದ. ನಲವತ್ತು ಜನರ ಮುಂದೆ ಮ್ಯಾನೇಜರ್ ಸೌಟಣ್ಣನ ನೀರಿಳಿಸಿದ. “ಅರಮನೆ ನೋಡೋಕ್ ಬಂದ್ರಾ ಸಾಹೇಬ್ರು?”

ತಾತ ಮಾತ್ರ ಕಣ್ಣಲ್ಲೇ ಕೇಳಿದ. ಸೌಟಣ್ಣ ಹೌದೆಂದು ತಲೆಯಾಡಿಸಿದ.

ಮನೆ ಮುಟ್ಟಿದಾಗ ಹೆಂಡತಿ ಕಿಟಕಿಯ ಪಕ್ಕ ಕೂತು ಬಿಳಿ ಅಂಗಿಯೊಂದಕ್ಕೆ ಗುಂಡಿ ಹಚ್ಚುತ್ತಿದ್ದಳು. ಅವನು ಚೀಲವನ್ನೂ ಇಳಿಸದೆ ಎದುರು ಕೂತ. ಅವಳು ಕೇಳಲಿಲ್ಲ. ಅವನೇ ಹೇಳಿದ. ಬೀಗ ಹೇಳಿದ, ಹನ್ನೊಂದು ಸರಳು ಹೇಳಿದ, ನಾಲ್ಕನೆಯದು ಬಾಗಿದ್ದು ಹೇಳಿದ. ಪಾರಿವಾಳ, ಮಬ್ಬು, ಸಾಸಿವೆಯಂಥ ಜನ. ಉಪ್ಪಿಲ್ಲ, ಖಾರವಿಲ್ಲ, ಇದ್ದದ್ದು ಇದ್ದ ಹಾಗೆ. ಹೇಳುತ್ತ ಹೇಳುತ್ತ ಅವನಿಗೇ ಅನ್ನಿಸಿತು, ಹಿಂದಿನ ಸುಳ್ಳುಗಳೇ ಇದಕ್ಕಿಂತ ನಿಜದ ಹಾಗಿದ್ದವು. ಕೊನೆಗೆ ಜೇಬಿನಿಂದ ಟಿಕೆಟ್ಟು ತೆಗೆದು ಅವಳ ಮುಂದಿಟ್ಟ.

ಅವಳು ಎರಡು ಬೆರಳಲ್ಲಿ ಅದನ್ನು ತೆಗೆದುಕೊಂಡು, ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆರೆದು, ಉಳಿದವುಗಳ ಜೊತೆ ಹಾಕಿದಳು. ಒಳಗೆ ಬಿದ್ದ ಮೇಲೆ ಯಾವುದು ಯಾವುದೆಂದು ಅವನಿಗೂ ತಿಳಿಯಲಿಲ್ಲ.

“ಈ ಸಲ ಯಾರು ಹೇಳಿದ್ರು?” ಎಂದಳು. ಚುಚ್ಚಬೇಕೆಂದು ಕೇಳಿದ್ದಲ್ಲ. ನೀರು ಬೇಕಾ ಎಂದು ಕೇಳುವ ದನಿ.

ಸೌಟಣ್ಣ ಬಾಯಿ ತೆರೆದ. ಅವಳು ದಾರವನ್ನು ಹಲ್ಲಿನಲ್ಲಿ ಕಡಿದು, ಮುಂದಿನ ಗುಂಡಿ ಎತ್ತಿಕೊಂಡಳು.